ಅರ್ಧ ಮಿಲಿಮೀಟರ್ ಲೋಹದ ಇತಿಹಾಸ

ರಾಜಮಹಾರಾಜರ ಇತಿಹಾಸವನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಯಂತ್ರಗಳ ಇತಿಹಾಸವನ್ನು ಓದಿದವರು ವಿರಳ. ಅದರಲ್ಲೂ ಯಂತ್ರದ ಒಂದೇ ಒಂದು ಬಿಡಿಭಾಗಕ್ಕೆ ಇತಿಹಾಸವಿದೆಯೆಂದರೆ ಹಲವರು ಹುಬ್ಬೇರಿಸಿಯಾರು. ಪ್ರಸ್ತುತ ಲೇಖನದಲ್ಲಿ ಅಂಥದೊಂದು ಬಿಡಿಭಾಗದ ಕಥೆಯನ್ನು ಹೇಳಹೊರಟಿದ್ದೇನೆ. ಅದು ಟೂ ಸ್ಟ್ರೋಕ್ ಎಂಜಿನ್ನಿನ ಸಿಲಿಂಡರ್ ಹೆಡ್.

ಹೆಡ್ ಎಂದರೆ ಮತ್ತೇನಲ್ಲ, ಸಿಲಿಂಡರಿನ ಮುಚ್ಚಳ. ಫೋರ್ ಸ್ಟ್ರೋಕ್ ಎಂಜಿನ್ನಿನ ಹೆಡ್ಡಿನಲ್ಲಿ ಕವಾಟಗಳು, ಸ್ಪ್ರಿಂಗುಗಳು, ಕ್ಯಾಮ್ ದಂಡ ಎಲ್ಲವೂ ಸೇರಿ ಒಂದು ಸಂಸಾರವೇ ಇರುತ್ತದೆ. ಸಾಮಾನ್ಯ ಟೂ ಸ್ಟ್ರೋಕಿನಲ್ಲಿ ಇವು ಯಾವುವೂ ಇಲ್ಲ. ಒಳಮೈಯಲ್ಲಿ ಬಟ್ಟಲಿನಂಥ ಒಂದು ಕುಳಿ, ನಡುವೆ ಸ್ಪಾರ್ಕ್ ಪ್ಲಗ್ ಕೂರಿಸಲು ಒಂದು ರಂಧ್ರ, ಹೊರಮೈಯಲ್ಲಿ ಶಾಖ ಕಳೆಯಲು ರೆಕ್ಕೆಗಳು ಅಥವಾ ನೀರಿನ ಜಾಡು. ನಾಲ್ಕಾರು ಬೋಲ್ಟು ಬಿಚ್ಚಿದರೆ ಕೈಗೆ ಬರುವ ಅಲ್ಯೂಮಿನಿಯಂ ತುಂಡು ಅದು. ಈ ಸರಳತೆಯಿಂದಾಗಿಯೇ ಎಂಜಿನ್ನಿನ ಬಲ ಹೆಚ್ಚಿಸಬೇಕೆಂಬ ಆಸೆ ಹುಟ್ಟಿದವರ ಕೈ ಮೊದಲು ಹೋಗುವುದು ಅಲ್ಲಿಗೆ. ಮುಚ್ಚಳದ ಅಂಚನ್ನು ಲೇತಿನಲ್ಲಿ ಅರ್ಧ ಮಿಲಿಮೀಟರಿನಷ್ಟು ಹೆರೆದರೆ ಒಳಗಿನ ಜಾಗ ಕಿರಿದಾಗುತ್ತದೆ, ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಇನ್ನಷ್ಟು ಒತ್ತರಿಸಲ್ಪಡುತ್ತದೆ, ಬಲ ಹೆಚ್ಚುತ್ತದೆ. ಕೇಳಲು ಇಷ್ಟು ಸುಲಭವಾದ ಈ ಕೆಲಸದ ಹಿಂದೆ ಒಂದೂಕಾಲು ಶತಮಾನದ ಇತಿಹಾಸವಿದೆ. ಈ ಬಲವು ಎಂದೂ ಪುಕ್ಕಟೆಯಾಗಿ ದೊರೆಯಲಿಲ್ಲ. ಅದಕ್ಕೆ ಬೆಲೆ ತೆತ್ತವರು ಎಷ್ಟೋ ಸಲ ಆ ವಾಹನವನ್ನು ಕಣ್ಣಾರೆ ಕಂಡವರೂ ಆಗಿರಲಿಲ್ಲ.

ಮೊದಲು ಸ್ವಲ್ಪ ಪಾಠ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಅನಿಲವನ್ನು ಒತ್ತಿದರೆ ಅದರ ಉಷ್ಣತೆ ಏರುತ್ತದೆ. ಪಿಸ್ಟನ್ ಕೆಳಗಿರುವಾಗಿನ ಒಟ್ಟು ಘನಗಾತ್ರವನ್ನು, ಅದು ಮೇಲೇರಿ ನಿಂತಾಗ ಉಳಿಯುವ ಘನಗಾತ್ರದಿಂದ ಭಾಗಿಸಿದರೆ ದೊರೆಯುವುದೇ ಸಂಪೀಡನ ಅನುಪಾತ. ಗ್ಯಾರೇಜಿನ ಭಾಷೆಯಲ್ಲಿ ಇದು ಕಂಪ್ರೆಷನ್. ಈ ಅನುಪಾತ ಹೆಚ್ಚಿದಷ್ಟೂ ಇಂಧನದ ಶಾಖದಲ್ಲಿ ಹೆಚ್ಚು ಪಾಲು ಕೆಲಸವಾಗಿ ಪರಿವರ್ತನೆಯಾಗುತ್ತದೆ. ಆದರ್ಶ ಎಂಜಿನ್ನೊಂದರ ಲೆಕ್ಕದಲ್ಲಿ ಅನುಪಾತ 4 ಇದ್ದರೆ ದಕ್ಷತೆ ಶೇ. 43, 6 ಇದ್ದರೆ ಶೇ. 51, 8 ಇದ್ದರೆ ಶೇ. 56, 10 ಇದ್ದರೆ ಶೇ. 60, 12 ಇದ್ದರೆ ಶೇ. 63. ನಿಜವಾದ ಎಂಜಿನ್ನುಗಳಲ್ಲಿ ಈ ಅಂಕಿಗಳು ಬಹಳ ಕಡಿಮೆ. ಆದರೆ ಏರಿಕೆಯ ಕ್ರಮವನ್ನು ಗಮನಿಸಿರಿ. ಮೊದಲ ಮೆಟ್ಟಿಲುಗಳಲ್ಲಿ ಲಾಭ ದೊಡ್ಡದು, ಮೇಲೇರಿದಂತೆ ಕಿರಿದಾಗುತ್ತದೆ. ಅಪಾಯ ಮಾತ್ರ ಹಾಗೆ ಕಿರಿದಾಗುವುದಿಲ್ಲ, ಬೆಳೆಯುತ್ತ ಹೋಗುತ್ತದೆ.

ಟೂ ಸ್ಟ್ರೋಕ್ ಎಂಜಿನ್ನಿನ ಜನಕನೆಂದು ಸ್ಕಾಟ್ಲೆಂಡಿನ ಡ್ಯೂಗಾಲ್ಡ್ ಕ್ಲರ್ಕ್‌ನ ಹೆಸರನ್ನು ಹೇಳುವುದು ರೂಢಿ. ಅವನ ಪೇಟೆಂಟ್ 1881ರದು. ಆದರೆ ಮಿಶ್ರಣವನ್ನು ಸಿಲಿಂಡರಿಗೆ ತುಂಬಲು ಅವನ ಎಂಜಿನ್ನಿಗೆ ಪ್ರತ್ಯೇಕ ಪಂಪ್ ಬೇಕಿತ್ತು. ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ ಎಂಬುವನು ಕ್ರ್ಯಾಂಕ್ ಪೆಟ್ಟಿಗೆಯನ್ನೇ ಪಂಪಾಗಿ ಬಳಸುವ ಉಪಾಯವನ್ನು 1889ರ ಸುಮಾರಿಗೆ ಕಂಡುಕೊಂಡನು. ಅವನ ಕೆಲಸಗಾರನಾಗಿದ್ದ ಫ್ರೆಡರಿಕ್ ಕಾಕ್ ಅದನ್ನು ಇನ್ನಷ್ಟು ಸರಳಗೊಳಿಸಿ, ಪಿಸ್ಟನ್ನೇ ಕಿಂಡಿಗಳನ್ನು ತೆರೆದು ಮುಚ್ಚುವಂತೆ ಮಾಡಿದನು. ಮುಂದೆ ನಮ್ಮ ರಸ್ತೆಗಳಲ್ಲಿ ಓಡಿದ ಹೆಚ್ಚಿನ ಟೂ ಸ್ಟ್ರೋಕ್ ವಾಹನಗಳು ಈ ವಂಶಕ್ಕೆ ಸೇರಿದವು.

ಆ ಕಾಲದ ಎಂಜಿನ್ನುಗಳಲ್ಲಿ ಸಂಪೀಡನ ಅನುಪಾತ ತೀರ ಕಡಿಮೆಯಿತ್ತು. ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ಲಕ್ಷಗಟ್ಟಲೆ ಮಾರಾಟವಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲೂ ಅದು 4ರ ಆಸುಪಾಸಿನಲ್ಲಿತ್ತು. ಹೆಚ್ಚಿಸಲು ಲೋಹದ ಅಡ್ಡಿಯೇನೂ ಇರಲಿಲ್ಲ. ಅಡ್ಡಿಯಾಗಿದ್ದುದು ಒಂದು ಸದ್ದು. ಹೆಚ್ಚು ಒತ್ತಿದೊಡನೆ ಎಂಜಿನ್ನಿನೊಳಗೆ ಯಾರೋ ಸುತ್ತಿಗೆಯಿಂದ ಕುಟ್ಟಿದಂತೆ ಟಣಟಣ ಶಬ್ದ ಕೇಳುತ್ತಿತ್ತು. ಶಕ್ತಿ ಕುಂದುತ್ತಿತ್ತು, ಪಿಸ್ಟನ್ ಕರಗಿ ತೂತಾಗುತ್ತಿತ್ತು. ಇದನ್ನೇ ನಾಕಿಂಗ್ ಅಥವಾ ಬಡಿತ ಎನ್ನುತ್ತಾರೆ.

ಈ ಬಡಿತದ ಮರ್ಮವನ್ನು ಅರಿಯಲು ಆಯುಷ್ಯವನ್ನೇ ಸವೆಸಿದವನು ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ (1885-1974). ಕೇಂಬ್ರಿಜ್‌ನಲ್ಲಿ ಪ್ರೊಫೆಸರ್ ಹಾಪ್ಕಿನ್ಸನ್ನರ ಶಿಷ್ಯನಾಗಿದ್ದ ಈತ ಯೌವನದಲ್ಲಿ ಡಾಲ್ಫಿನ್ ಎಂಬ ಕಾರಿಗೆ ಟೂ ಸ್ಟ್ರೋಕ್ ಎಂಜಿನ್ ರಚಿಸಿದ್ದನು. ಕಿಡಿ ಹೊತ್ತಿದಾಗ ಜ್ವಾಲೆಯು ಪ್ಲಗ್ಗಿನಿಂದ ಅಂಚಿನ ಕಡೆಗೆ ಹರಡುತ್ತ ಹೋಗುತ್ತದೆ. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣವು ಒತ್ತಡಕ್ಕೂ ಶಾಖಕ್ಕೂ ಸಿಲುಕಿ ತಾನಾಗಿಯೇ ಒಮ್ಮೆಲೇ ಸಿಡಿದರೆ ಅದೇ ಬಡಿತ. ಹೊಲದ ಒಂದು ಬದಿಗೆ ಹಚ್ಚಿದ ಬೆಂಕಿ ಸಾಲಾಗಿ ಸಾಗಿ ಬರುವುದು ಬೇರೆ, ಇನ್ನೊಂದು ಬದಿಯ ಬಣವೆ ಥಟ್ಟನೆ ತಾನೇ ಹೊತ್ತಿಕೊಳ್ಳುವುದು ಬೇರೆ. ಮಹಾಯುದ್ಧ ಮುಗಿದ ಮೇಲೆ ರಿಕಾರ್ಡೊ, ಓಡುತ್ತಿರುವಾಗಲೇ ಸಂಪೀಡನ ಅನುಪಾತವನ್ನು ಬದಲಿಸಬಹುದಾದ ಒಂದು ಪ್ರಯೋಗದ ಎಂಜಿನ್ ನಿರ್ಮಿಸಿದನು. ಒಂದೊಂದೇ ಇಂಧನವನ್ನು ಹಾಕಿ, ಬಡಿತ ಆರಂಭವಾಗುವವರೆಗೆ ಒತ್ತಡ ಏರಿಸಿ ಗುರುತು ಮಾಡಿಕೊಂಡನು. ಎಂಜಿನ್ನಿನ ಶಕ್ತಿಗೆ ಗಡಿ ಹಾಕುತ್ತಿರುವುದು ಇಂಧನದ ಗುಣ ಎಂಬುದು ಇದರಿಂದ ದೃಢವಾಯಿತು.

ಅದೇ ಕಾಲದಲ್ಲಿ ಅವನು ಹೆಡ್ಡಿನ ಆಕಾರದಲ್ಲೂ ಒಂದು ಮಾರ್ಪಾಟು ಮಾಡಿದನು. ಕುಳಿಯನ್ನು ಒಂದು ಕಡೆಗೆ ಸರಿಸಿ, ಉಳಿದ ಭಾಗದಲ್ಲಿ ಹೆಡ್ಡು ಪಿಸ್ಟನ್ನಿಗೆ ತಾಗೀತೇನೋ ಎಂಬಷ್ಟು ಹತ್ತಿರ ಬರುವಂತೆ ರೂಪಿಸಿದನು. ಪಿಸ್ಟನ್ ಮೇಲೇರಿದಾಗ ಆ ಕಿರಿದಾದ ಸಂದಿಯಿಂದ ಮಿಶ್ರಣವು ಎರಡು ಅಂಗೈಗಳ ನಡುವೆ ಒತ್ತಿದ ನೀರಿನಂತೆ ಚಿಮ್ಮಿ ಕುಳಿಯೊಳಗೆ ನುಗ್ಗುತ್ತದೆ. ಸುಳಿಯೆದ್ದ ಮಿಶ್ರಣ ಬೇಗ ಉರಿಯುತ್ತದೆ. ಸಂದಿಯಲ್ಲಿ ಉಳಿದ ತೆಳುಪದರವು ತಣ್ಣನೆಯ ಲೋಹಕ್ಕೆ ತಾಗಿಕೊಂಡಿರುವುದರಿಂದ ಸಿಡಿಯುವುದಿಲ್ಲ. ಮುಂದೆ ಇದಕ್ಕೆ ಸ್ಕ್ವಿಶ್ ಎಂಬ ಹೆಸರು ಬಂದಿತು. ಲೇತಿನಲ್ಲಿ ಹೆಡ್ ಹೆರೆಯುವ ಇಂದಿನ ಹುಡುಗರ ಬಾಯಲ್ಲಿ ಸುಳಿಯುವ ಮುಖ್ಯ ಪದ ಇದೇ.

ರಿಕಾರ್ಡೊ ಹಿಡಿದದ್ದು ಆಕಾರದ ದಾರಿಯಾದರೆ, ಅಮೆರಿಕದವರು ಹಿಡಿದದ್ದು ರಸಾಯನದ ದಾರಿ. ಜನರಲ್ ಮೋಟಾರ್ಸ್ ಸಂಸ್ಥೆಯ ಚಾರ್ಲ್ಸ್ ಕೆಟರಿಂಗ್ ಮತ್ತು ಅವನ ಸಹಾಯಕ ಥಾಮಸ್ ಮಿಜ್ಲಿ ಬಡಿತ ನಿಲ್ಲಿಸುವ ವಸ್ತುವನ್ನು ಹುಡುಕುತ್ತ ನೂರಾರು ರಾಸಾಯನಿಕಗಳನ್ನು ಪರೀಕ್ಷಿಸಿದರು. ಆಲ್ಕೋಹಾಲ್ ಬೆರೆಸಿದರೆ ಬಡಿತ ಅಡಗುತ್ತದೆ ಎಂಬುದು ಅವರಿಗೆ ತಿಳಿದಿತ್ತು. 1921ರಲ್ಲಿ ಮಿಜ್ಲಿಯೇ ಶೇ. 30ರಷ್ಟು ಆಲ್ಕೋಹಾಲ್ ಬೆರೆಸಿದ ಇಂಧನದಿಂದ ಹೆಚ್ಚು ಸಂಪೀಡನದ ಕಾರನ್ನು ಓಡಿಸಿ ತೋರಿಸಿದ್ದನು. ಆದರೆ ಆಲ್ಕೋಹಾಲಿಗೆ ಪೇಟೆಂಟ್ ದೊರೆಯದು, ಬೇಕಾಗುವ ಪ್ರಮಾಣವೂ ಹೆಚ್ಚು. ಅದೇ ವರ್ಷದ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಪರೀಕ್ಷಿಸಿದಾಗ, ಅತ್ಯಲ್ಪ ಪ್ರಮಾಣದಲ್ಲೇ ಬಡಿತ ಪೂರ್ತಿಯಾಗಿ ನಿಂತುಹೋಯಿತು. 1923ರ ಫೆಬ್ರವರಿಯಲ್ಲಿ ಒಹಾಯೊ ರಾಜ್ಯದ ಡೇಟನ್ ನಗರದಲ್ಲಿ ಅದರ ಮಾರಾಟ ಆರಂಭವಾಯಿತು. ಮಾರುಕಟ್ಟೆಯ ಹೆಸರು ಈಥೈಲ್. ಸೀಸವೆಂಬ ಮಾತು ಆ ಹೆಸರಿನಲ್ಲಿ ಎಲ್ಲಿಯೂ ಕಾಣಿಸಲಿಲ್ಲ.

ಸೀಸ ವಿಷವೆಂಬುದು ರೋಮನ್ನರ ಕಾಲದಿಂದಲೂ ತಿಳಿದ ಸಂಗತಿ. ಮಿಜ್ಲಿಯೇ 1923ರ ಆರಂಭದಲ್ಲಿ ಸೀಸದ ವಿಷಬಾಧೆಯಿಂದ ರಜೆ ಹಾಕಿ ವಿಶ್ರಾಂತಿ ಪಡೆಯಬೇಕಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಈ ದ್ರವ ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಳಗಾಗಿ ಸತ್ತರು. ಹತ್ತಾರು ಮಂದಿ ಆಸ್ಪತ್ರೆ ಸೇರಿದರು. 1925ರಲ್ಲಿ ಸರ್ಕಾರ ಕರೆದ ಸಭೆಯಲ್ಲಿ ಹಾರ್ವರ್ಡ್‌ನ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಬಲವಾಗಿ ವಿರೋಧಿಸಿದಳು. ಕೆಲಕಾಲ ನಿಂತಿದ್ದ ಮಾರಾಟ ಮತ್ತೆ ಮುಂದುವರಿಯಿತು. ಅಲ್ಲಿಂದ ಮುಂದೆ ಸಂಪೀಡನ ಅನುಪಾತ ದಶಕದಿಂದ ದಶಕಕ್ಕೆ ಏರಿತು. ಹೆಡ್ಡಿನ ಕುಳಿ ಕಿರಿದಾದಂತೆಲ್ಲ ಹೊಗೆಯಲ್ಲಿ ಸೀಸ ಹೆಚ್ಚಿತು ಎಂದರೆ ತಪ್ಪಾಗಲಾರದು.

ಇನ್ನು ಟೂ ಸ್ಟ್ರೋಕಿಗೆ ಮರಳೋಣ. ಹಳೆಯ ಟೂ ಸ್ಟ್ರೋಕುಗಳ ಪಿಸ್ಟನ್ನಿನ ನೆತ್ತಿಯ ಮೇಲೆ ಒಂದು ಗೋಡೆಯಂಥ ಉಬ್ಬು ಇರುತ್ತಿತ್ತು. ಒಳಬಂದ ಹೊಸ ಮಿಶ್ರಣ ನೇರವಾಗಿ ಹೊರಕಿಂಡಿಗೆ ನುಗ್ಗದಿರಲಿ ಎಂಬುದು ಅದರ ಉದ್ದೇಶ. ಈ ಉಬ್ಬು ವಿಪರೀತ ಕಾಯುತ್ತಿತ್ತು, ಹೆಡ್ಡಿನ ಕುಳಿಗೆ ಸರಿಯಾದ ಆಕಾರ ಕೊಡಲೂ ಬಿಡುತ್ತಿರಲಿಲ್ಲ. ಜರ್ಮನಿಯ ಅಡಾಲ್ಫ್ ಷ್ನೂರ್ಲೆ 1920ರ ದಶಕದ ನಡುವಿನಲ್ಲಿ, ಕಿಂಡಿಗಳನ್ನೇ ಓರೆಯಾಗಿಟ್ಟು ಮಿಶ್ರಣವು ಹಿಂಗೋಡೆಗೆ ತಾಗಿ ಸುತ್ತಿ ಬರುವ ವಿಧಾನವನ್ನು ಕಂಡುಹಿಡಿದನು. ಪಿಸ್ಟನ್ನಿನ ನೆತ್ತಿ ಚಪ್ಪಟೆಯಾಯಿತು. ಚಪ್ಪಟೆ ನೆತ್ತಿಯ ಮೇಲೆ ಬೇಕಾದಂತೆ ಕುಳಿ ಕೆತ್ತಿದ ಹೆಡ್ ಕೂರಿಸಲು ಸಾಧ್ಯವಾಯಿತು. ಈ ಹಕ್ಕನ್ನು ಪಡೆದ ಡಿ.ಕೆ.ಡಬ್ಲ್ಯೂ. ಕಂಪೆನಿಯ ತವರು ಜರ್ಮನಿಯ ಚೊಪಾವ್ ಎಂಬ ಊರು.

ಎರಡನೆಯ ಮಹಾಯುದ್ಧದ ನಂತರ ಚೊಪಾವ್ ಪೂರ್ವ ಜರ್ಮನಿಯ ಪಾಲಾಯಿತು. ಅಲ್ಲಿನ ಕಾರ್ಖಾನೆಯೇ ಎಂ.ಜಡ್. ಎಂಬ ಹೆಸರಿನಿಂದ ಮುಂದುವರಿಯಿತು. ಅದರ ಪಂದ್ಯ ವಿಭಾಗದ ಮುಖ್ಯಸ್ಥ ವಾಲ್ಟರ್ ಕಾಡೆನ್ (1919-1996). ಹಣವಿಲ್ಲ, ಒಳ್ಳೆಯ ಲೋಹವಿಲ್ಲ, ಹೊರದೇಶದ ಸಲಕರಣೆಗಳಿಲ್ಲ. ಆದರೂ ಆತ ತಿರುಗು ತಟ್ಟೆಯ ಕವಾಟ, ಹೊಗೆಯ ಅಲೆಯನ್ನೇ ಹಿಂದಕ್ಕೆ ಕಳಿಸಿ ಮಿಶ್ರಣವನ್ನು ತಡೆದಿಡುವ ಉಬ್ಬಿದ ನಿಷ್ಕಾಸ ಕೊಳವೆ ಮತ್ತು ಸ್ಕ್ವಿಶ್ ಹೆಡ್ ಇವುಗಳನ್ನು ಒಂದುಗೂಡಿಸಿ, 1961ರಲ್ಲಿ 125 ಸಿ.ಸಿ.ಯಿಂದ 25 ಅಶ್ವಶಕ್ತಿ ಪಡೆದನು. ಅಂದರೆ ಲೀಟರಿಗೆ 200 ಅಶ್ವಶಕ್ತಿ. ಅದೇ ವರ್ಷದ ಆಗಸ್ಟಿನಲ್ಲಿ ಬರ್ಲಿನ್ನಿನ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಪಂದ್ಯಕ್ಕೆ ಹೋಗಿದ್ದ ಎಂ.ಜಡ್. ಸವಾರ ಅರ್ನ್‌ಸ್ಟ್ ಡೆಗ್ನರ್ ಮರಳಿ ಬರಲಿಲ್ಲ. ಅವನು ಸೇರಿದ್ದು ಜಪಾನಿನ ಸುಜುಕಿಯನ್ನು. ಮರುವರ್ಷವೇ 50 ಸಿ.ಸಿ. ವಿಭಾಗದಲ್ಲಿ ಸುಜುಕಿಗೆ ಮೊದಲ ವಿಶ್ವ ಪ್ರಶಸ್ತಿ ದೊರೆಯಿತು. ಕಾಡೆನ್ ಮಾತ್ರ ಚೊಪಾವ್‌ನಲ್ಲೇ ಉಳಿದನು. ತನ್ನ ವಿದ್ಯೆ ಜಗತ್ತನ್ನು ಗೆಲ್ಲುವುದನ್ನು ಅವನು ದೂರದಿಂದ ನೋಡಬೇಕಾಯಿತು.

ಕಾರ್ಖಾನೆಯ ಗುಟ್ಟು ಹೆಚ್ಚು ಕಾಲ ಗುಟ್ಟಾಗಿ ಉಳಿಯುವುದಿಲ್ಲ. 1973ರಲ್ಲಿ ಅಮೆರಿಕದ ಗೋರ್ಡನ್ ಜೆನ್ನಿಂಗ್ಸ್ ಟೂ ಸ್ಟ್ರೋಕ್ ಎಂಜಿನ್ನುಗಳನ್ನು ಮಾರ್ಪಡಿಸುವ ವಿಧಾನದ ಬಗ್ಗೆ ಒಂದು ಕೈಪಿಡಿ ಪ್ರಕಟಿಸಿದನು. ಪಂದ್ಯದ ಎಂಜಿನಿಯರುಗಳ ವಿದ್ಯೆ ಆಗ ಮನೆಯ ಹಿತ್ತಲಿನ ಶೆಡ್ಡಿಗೆ ಬಂದಿತು.

ನಮ್ಮ ನಾಡಿಗೂ ಟೂ ಸ್ಟ್ರೋಕಿಗೂ ಇರುವ ನಂಟು ಹಳೆಯದು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ನಡೆಯಿತು. ಚೆಕೊಸ್ಲೊವಾಕಿಯಾ ಮೂಲದ ಜಾವಾ, 1973ರ ನಂತರ ಯೆಜ್ಡಿ ಎಂಬ ಹೆಸರಿನಿಂದ ರಸ್ತೆಗಿಳಿಯಿತು. ನಾನು ಬಿ.ಎಡ್. ಓದುತ್ತಿದ್ದ ದಿನಗಳಲ್ಲಿ ಮೈಸೂರಿನ ಮೆಕ್ಯಾನಿಕ್ಕುಗಳು ಹೆಡ್ ಬಿಚ್ಚಿ ಮಸಿ ಕೆರೆಯುವುದನ್ನು ಎಷ್ಟೋ ಸಲ ನಿಂತು ನೋಡಿದ್ದೇನೆ. ಪೆಟ್ರೋಲಿನೊಡನೆ ಬೆರೆತ ಎಣ್ಣೆ ಉರಿದು ಕುಳಿಯಲ್ಲಿ ಕಟ್ಟಿಕೊಂಡ ಮಸಿ ಒಳಗಿನ ಜಾಗವನ್ನು ಕಿರಿದಾಗಿಸಿ, ಯಾರೂ ಬಯಸದೆಯೇ ಸಂಪೀಡನವನ್ನು ಹೆಚ್ಚಿಸುತ್ತದೆ. ಕೆಂಡವಾಗಿ ನಿಂತು ಅಕಾಲದಲ್ಲಿ ಬೆಂಕಿ ಹೊತ್ತಿಸುವುದೂ ಉಂಟು. ಲೆಕ್ಕ ತಿಳಿಯದ ಆ ಕುಶಲಕರ್ಮಿಗಳು ಏರು ರಸ್ತೆಯಲ್ಲಿ ಗಾಡಿಯ ಸದ್ದು ಕೇಳಿಯೇ ಹೆಡ್ ಬಿಚ್ಚುವ ಕಾಲ ಬಂದಿದೆಯೆಂದು ಹೇಳಿಬಿಡುತ್ತಿದ್ದರು. ರಿಕಾರ್ಡೊ ಪ್ರಯೋಗಶಾಲೆಯಲ್ಲಿ ಕೇಳಿದ ಸದ್ದನ್ನೇ ಅವರೂ ಕೇಳುತ್ತಿದ್ದರಲ್ಲವೆ?

1983ರಿಂದ ಕೆಲವರ್ಷ ಫರೀದಾಬಾದಿನಲ್ಲಿ ತಯಾರಾದ ರಾಜದೂತ್ 350, ಯಮಾಹಾ ಆರ್.ಡಿ. 350ರ ಭಾರತೀಯ ರೂಪ. ಅದೇ ವಂಶದ ನೀರಿನಿಂದ ತಂಪಾಗುವ ಎಂಜಿನ್ನನ್ನು ಯಮಾಹಾ 1987ರಲ್ಲಿ ಒಂದು ಎ.ಟಿ.ವಿ.ಗೆ ಅಳವಡಿಸಿತು. ಎ.ಟಿ.ವಿ. ಎಂದರೆ ಉಬ್ಬಿದ ಚಕ್ರಗಳ ಮೇಲೆ ಹ್ಯಾಂಡಲ್ ಹಿಡಿದು ಕುಳಿತು ಮರಳು, ಕೆಸರು, ಗುಡ್ಡಗಳಲ್ಲಿ ಓಡಿಸುವ ವಾಹನ. ಹೋಂಡಾ ಕಂಪೆನಿ 1970ರಲ್ಲಿ ಮೂರು ಚಕ್ರಗಳ ಇಂಥ ವಾಹನವನ್ನು ಅಮೆರಿಕದಲ್ಲಿ ಮಾರಲಾರಂಭಿಸಿತು. ಅಪಘಾತಗಳು ಹೆಚ್ಚಿ, 1988ರಲ್ಲಿ ತಯಾರಕರು ಸರ್ಕಾರದೊಡನೆ ಒಪ್ಪಂದಕ್ಕೆ ಬಂದು ಮೂರು ಚಕ್ರದವುಗಳ ಮಾರಾಟ ನಿಲ್ಲಿಸಿದರು. ಉಳಿದವು ನಾಲ್ಕು ಚಕ್ರದವು. ಅವುಗಳಲ್ಲಿ ಯಮಾಹಾದ ಬ್ಯಾನ್ಷೀ ಅತ್ಯಂತ ಪ್ರಸಿದ್ಧವಾಯಿತು. ಎರಡು ಸಿಲಿಂಡರು, 64 ಮಿ.ಮೀ. ವ್ಯಾಸ, 54 ಮಿ.ಮೀ. ಹೊಡೆತ, ಒಟ್ಟು 347 ಸಿ.ಸಿ.

ಬ್ಯಾನ್ಷೀ ಎಂಜಿನ್ನಿನ ಸಂಪೀಡನ ಅನುಪಾತವೆಂದು ಕಂಪೆನಿ ಕೊಟ್ಟ ಅಂಕಿ 6.5. ಇದೇನು ಇಷ್ಟು ಕಡಿಮೆ ಎಂದು ಅಚ್ಚರಿಪಡಬೇಕಿಲ್ಲ. ಟೂ ಸ್ಟ್ರೋಕಿನಲ್ಲಿ ಹೊರಕಿಂಡಿ ಮುಚ್ಚಿದ ಮೇಲಷ್ಟೇ ನಿಜವಾದ ಒತ್ತುವಿಕೆ ಆರಂಭ. ತೂತಿರುವ ಪಂಪಿನಲ್ಲಿ ತೂತು ದಾಟುವವರೆಗೆ ಗಾಳಿ ಒತ್ತಲ್ಪಡುವುದಿಲ್ಲವಷ್ಟೆ. ಜಪಾನಿನವರು ಸಾಮಾನ್ಯವಾಗಿ ಕೊಡುವುದು ಈ ಲೆಕ್ಕದ ಅಂಕಿ. ಪೂರ್ತಿ ಹೊಡೆತದ ಲೆಕ್ಕ ಹಿಡಿದರೆ ಅಂಕಿ ದೊಡ್ಡದಾಗುತ್ತದೆ. ಎರಡು ಲೆಕ್ಕಗಳನ್ನು ಬೆರೆಸಿಕೊಂಡವರು ಎಂಜಿನ್ ಕಳೆದುಕೊಂಡದ್ದುಂಟು.

ಒಂದು ಉದಾಹರಣೆ ನೋಡೋಣ. ಒಂದು ಸಿಲಿಂಡರಿನ ಘನಗಾತ್ರ 173.7 ಸಿ.ಸಿ. ಪಿಸ್ಟನ್ ಮೇಲಿರುವಾಗ ಉಳಿಯುವ ಜಾಗ 20 ಸಿ.ಸಿ. ಎಂದು ಭಾವಿಸಿರಿ. ಪೂರ್ತಿ ಹೊಡೆತದ ಅನುಪಾತ 9.7. ಈಗ ಹೆಡ್ಡಿನ ಅಂಚಿನಿಂದ ಅರ್ಧ ಮಿಲಿಮೀಟರ್ ಹೆರೆದರೆ ಸುಮಾರು 1.6 ಸಿ.ಸಿ. ಜಾಗ ಹೋಗಿ 18.4 ಉಳಿಯುತ್ತದೆ. ಅನುಪಾತ 10.4 ಆಗುತ್ತದೆ. ಉಗುರಿನ ದಪ್ಪದಷ್ಟು ಲೋಹಕ್ಕೆ ಇಷ್ಟು ವ್ಯತ್ಯಾಸ!

ಬಲ್ಲವರು ಮಾತ್ರ ಬರಿದೇ ಹೆರೆದು ಬಿಡುವುದಿಲ್ಲ. ಹೆಡ್ ತಗ್ಗಿದಂತೆ ಸ್ಕ್ವಿಶ್ ಸಂದಿಯೂ ಕಿರಿದಾಗುತ್ತದೆ. ಅತಿ ಕಿರಿದಾದರೆ ವೇಗದಲ್ಲಿ ಪಿಸ್ಟನ್ ಹೆಡ್ಡಿಗೆ ಬಡಿಯುತ್ತದೆ, ಅತಿ ಅಗಲವಾದರೆ ಅಲ್ಲಿ ನಿಂತ ಮಿಶ್ರಣವೇ ಸಿಡಿಯುತ್ತದೆ. ಅದನ್ನು ಅಳೆಯಲು ಪ್ಲಗ್ಗಿನ ರಂಧ್ರದಿಂದ ಬೆಸುಗೆಯ ತಂತಿಯನ್ನು ಒಳಕ್ಕೆ ಇಳಿಬಿಟ್ಟು, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ, ಜಜ್ಜಿದ ತುದಿಯನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯುತ್ತಾರೆ. ಕುಳಿಯ ಘನಗಾತ್ರವನ್ನು ಬ್ಯೂರೆಟ್ಟಿನಿಂದ ದ್ರವ ಸುರಿದು ಅಳೆಯುತ್ತಾರೆ. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಧೂಳು ತಿನ್ನುವ ಈ ಎರಡು ಉಪಕರಣಗಳಿಗೆ ಹೊರಗಿನ ಲೋಕದಲ್ಲಿ ಇಂಥ ಗೌರವವಿದೆಯೆಂಬುದು ನನಗೆ ಬಹಳ ಸಂತೋಷ ಕೊಟ್ಟ ವಿಷಯ.

ಬ್ಯಾನ್ಷೀ ಪ್ರಿಯರಿಗಾಗಿ ಮುಂದೆ, ಕುಳಿಯ ಭಾಗವನ್ನು ಮಾತ್ರ ಬದಲಾಯಿಸಬಹುದಾದ ಹೆಡ್ಡುಗಳೇ ಮಾರುಕಟ್ಟೆಗೆ ಬಂದವು. ಸಮುದ್ರಮಟ್ಟಕ್ಕೆ ಹತ್ತಿರವಿರುವ ಕ್ಯಾಲಿಫೋರ್ನಿಯಾದ ಮರಳುದಿಬ್ಬಗಳಲ್ಲಿ ಬಂಕಿನ ಪೆಟ್ರೋಲಿನಿಂದ ಓಡಿಸುವವನಿಗೆ ದೊಡ್ಡ ಕುಳಿ. ಗಾಳಿ ತೆಳುವಾಗಿರುವ ಕೊಲರಾಡೊ ಪರ್ವತಗಳಲ್ಲಿ ಓಡಿಸುವವನಿಗೆ ಚಿಕ್ಕ ಕುಳಿ. ಪರ್ವತದ ಹೆಡ್ಡನ್ನು ಬದಲಿಸದೆ ಮರಳಿಗೆ ಇಳಿದವನ ಪಿಸ್ಟನ್ನಿಗೆ ತೂತು ಬೀಳುವುದು ಬಹುಮಟ್ಟಿಗೆ ಖಚಿತ. ಇನ್ನೊಂದು ಸೂಕ್ಷ್ಮವೂ ಇದೆ. ಸಂಪೀಡನ ಹೆಚ್ಚಿದರೆ ಶಾಖದ ಹೆಚ್ಚಿನ ಪಾಲು ಕೆಲಸವಾಗುವುದರಿಂದ ಹೊರಹೋಗುವ ಹೊಗೆ ತುಸು ತಣ್ಣಗಿರುತ್ತದೆ. ತಣ್ಣನೆಯ ಹೊಗೆಯಲ್ಲಿ ಅಲೆಗಳ ವೇಗ ಕಡಿಮೆ. ಕಾಡೆನ್ ರೂಪಿಸಿದಂಥ ನಿಷ್ಕಾಸ ಕೊಳವೆ ಆಗ ಕೆಳಗಿನ ವೇಗದಲ್ಲಿ ಚೆನ್ನಾಗಿ ದುಡಿದು, ಮೇಲಿನ ವೇಗದಲ್ಲಿ ಸೋಲುತ್ತದೆ. ತಕ್ಕಡಿಯ ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯಲೇಬೇಕು.

ಸವಾರ ತೆರುವ ಬೆಲೆ ಇಷ್ಟೇ, ಒಂದು ಪಿಸ್ಟನ್. ಸಮಾಜ ತೆತ್ತ ಬೆಲೆ ಬೇರೆ. ನಮ್ಮ ದೇಶದಲ್ಲಿ ಸೀಸರಹಿತ ಪೆಟ್ರೋಲು 1995ರಲ್ಲಿ ನಾಲ್ಕು ಮಹಾನಗರಗಳಿಗೆ ಬಂದಿತು. 1999ರ ಫೆಬ್ರವರಿಯಲ್ಲಿ ಸೀಸದ ವಿಷಬಾಧೆಯ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಆ ಸುಮಾರಿಗೆ ದೊಡ್ಡ ನಗರಗಳಲ್ಲಿ ನಡೆದ ಸಮೀಕ್ಷೆಯಲ್ಲಿ, ಪರೀಕ್ಷೆಗೊಳಗಾದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಸೀಸವು ಆಗಿನ ಅಪಾಯದ ಗಡಿಯನ್ನು ದಾಟಿತ್ತು. 2000ದ ಫೆಬ್ರವರಿಯಿಂದ ದೇಶಾದ್ಯಂತ ಸೀಸದ ಪೆಟ್ರೋಲು ನಿಂತಿತು. ಜಗತ್ತಿನಲ್ಲಿ ಕಾರುಗಳಿಗೆ ಸೀಸದ ಪೆಟ್ರೋಲು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ ಅದನ್ನು ನಿಲ್ಲಿಸಿದ್ದು 2021ರಲ್ಲಿ. ಸೀಸವು ಮಕ್ಕಳ ಬುದ್ಧಿಶಕ್ತಿಯನ್ನೇ ಕುಂದಿಸುತ್ತದೆ. ಮೂರು ದಶಕ ಮಕ್ಕಳೆದುರು ನಿಂತು ಪಾಠ ಹೇಳಿದ ನನಗೆ ಈ ಸಂಗತಿ ಓದಿದಾಗ, ಎಷ್ಟು ಹೇಳಿದರೂ ತಲೆಗೆ ಹತ್ತದೆಂದು ನಾವು ಶಿಕ್ಷಕರು ದೂರಿದ ಹುಡುಗರ ನೆನಪಾಗದಿರಲಿಲ್ಲ. ಹೆದ್ದಾರಿಯ ಪಕ್ಕದ ಕೇರಿಗಳಿಂದ ಬರುತ್ತಿದ್ದ ಅವರಲ್ಲಿ ಯಾರ ರಕ್ತದಲ್ಲಿ ಎಷ್ಟಿತ್ತೋ, ಬಲ್ಲವರಾರು?

ಟೂ ಸ್ಟ್ರೋಕಿನ ಕಾಲವೂ ಬಹುಮಟ್ಟಿಗೆ ಮುಗಿಯಿತು. ಹೊಗೆಯ ನಿಯಮಗಳು ಬಿಗಿಯಾದಂತೆ ಅಮೆರಿಕದಲ್ಲಿ ಬ್ಯಾನ್ಷೀ ಮಾರಾಟ 2006ಕ್ಕೆ ಕೊನೆಗೊಂಡಿತು. ನಮ್ಮಲ್ಲಿ ಯೆಜ್ಡಿಯ ಹಳೆಯ ಎಂಜಿನ್ನೂ ಯಮಾಹಾ ಆರ್.ಎಕ್ಸ್. 100 ಕೂಡ 1996ರಲ್ಲೇ ನಿಂತವು. ಉಳಿದವನ್ನು ಕಾಪಾಡಿಕೊಂಡವರು ಇಂದಿಗೂ ಹೆಡ್ ಹೆರೆಸುತ್ತಾರೆ. ಅವರನ್ನು ನಾನು ಹಳಿಯಲಾರೆ. ಕಣ್ಣಳತೆಯಲ್ಲೇ ಅರ್ಧ ಮಿಲಿಮೀಟರನ್ನು ಗುರುತಿಸುವ ಕೈಗಳಿಗೆ ನಮ್ಮ ಪಠ್ಯಪುಸ್ತಕಗಳು ಕೊಡದ ವಿದ್ಯೆ ಒಲಿದಿದೆ.

ಕೊನೆಗೊಂದು ಮಾತು. ಇಂದು ನಮ್ಮ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿಗೆ ಶೇ. 20ರವರೆಗೆ ಎಥನಾಲ್ ಬೆರೆಸಲಾಗುತ್ತಿದೆ. ನಮ್ಮ ಕಬ್ಬಿನ ಜಿಲ್ಲೆಗಳ ಕಾರ್ಖಾನೆಗಳೂ ಅದನ್ನು ತಯಾರಿಸುತ್ತಿವೆ. ಹಳೆಯ ಗಾಡಿಗಳ ರಬ್ಬರಿಗೆ ಅದು ಒಗ್ಗುವುದಿಲ್ಲವೆಂಬ ದೂರುಗಳಿವೆ, ಅವುಗಳ ವಿಚಾರ ಬೇರೆ. ಆದರೆ ಬಡಿತವನ್ನು ಅಡಗಿಸುವ ಅದರ ಗುಣ ಹೊಸದೇನಲ್ಲ. ಸೀಸವನ್ನು ಆರಿಸಿಕೊಂಡವರಿಗೆ 1921ರಲ್ಲೇ ಅದು ತಿಳಿದಿತ್ತು. ತಿಳಿವಳಿಕೆ ಇದ್ದೂ ಆಯ್ಕೆ ತಪ್ಪಿತು. ಅದನ್ನು ತಿದ್ದಿಕೊಳ್ಳಲು ಜಗತ್ತಿಗೆ ನೂರು ವರ್ಷ ಹಿಡಿಯಿತು.